ಅವಳು ಜೋಡಿಸಿದ ಕಂಪ್ಯೂಟರ್

ಮನೆಯಲ್ಲಿ ಓದುವ ಮಕ್ಕಳಿದ್ದರೆ ಇದನ್ನು ಅವಸರ ಮಾಡದೆ ಓದಿ...

ದಾವಣಗೆರೆಯಲ್ಲಿ ಪಂಚಾಕ್ಷರಿ ಅಂತ ಒಬ್ಬ ಮೇಷ್ಟ್ರು. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಿದ್ದರು.

ಓಣಿಯಲ್ಲಿ ಯಾರ ಮನೆ ಮಿಕ್ಸಿ ಕೆಟ್ಟರೂ ಮೊದಲು ಫೋನ್ ಬರುತ್ತಿದ್ದುದು ಇವರಿಗೇ... ಆ ಹೆಸರಿನ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆ.

ಒಬ್ಬಳೇ ಮಗಳು, ಇಂಚರಾ. ಪಿಯುಸಿ ಸೈನ್ಸ್. ಅಪ್ಪ ಏನಾದರೂ ಬಿಚ್ಚಿಕೊಂಡು ಕೂತರೆ ಊಟ ಬಿಟ್ಟು ಪಕ್ಕದಲ್ಲಿ ಕೂರುವ ಹುಡುಗಿ. ಕಂಪ್ಯೂಟರ್ ಎಂಜಿನಿಯರ್ ಆಗಬೇಕು ಅನ್ನುವುದು ಅವಳ ಆಸೆ.

ರೆಡಿಮೇಡ್ ಕಂಪ್ಯೂಟರ್ ಬೇಡ, ಪಾರ್ಟ್ಸ್ ತಂದುಕೊಡಿ, ನಾನೇ ಜೋಡಿಸುತ್ತೇನೆ ಎಂದು ಹಟ ಹಿಡಿದಳು. ಅಪ್ಪ ಖುಷಿಯಿಂದಲೇ ಒಪ್ಪಿದರು.

ಎಲ್ಲವೂ ಹೊಸದು ಬಂತು... ಪವರ್ ಸಪ್ಲೈ ಒಂದನ್ನು ಬಿಟ್ಟು.

ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಆ ಡಬ್ಬಿಯನ್ನು ಅವರು ಅಟ್ಟದ ಮೇಲಿದ್ದ ತಮ್ಮ ಹಳೇ ಕಂಪ್ಯೂಟರಿನಿಂದ ಬಿಚ್ಚಿ ತಂದರು. ಇದು ಆಗಿನ ಕಾಲದ ಗಟ್ಟಿ ಮಾಲು ಎಂದರು.

"ಇದು ಸಾಲುತ್ತಾ ಅಪ್ಪಾಜಿ?" ಎಂದು ಇಂಚರಾ ಒಮ್ಮೆ ಕೇಳಿದಳು. ಅಪ್ಪ ನಕ್ಕರು. ಅವಳು ಮತ್ತೆ ಕೇಳಲಿಲ್ಲ.

ಭಾನುವಾರವೆಲ್ಲ ಕೂತು ಜೋಡಿಸಿದಳು. ಸಂಜೆ ಸೋದರತ್ತೆ ಗಿರಿಜಕ್ಕನ ಮನೆಯವರೆಲ್ಲ ನೋಡಲು ಬಂದರು. ಅಮ್ಮ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿದ್ದರು.

ಇಂಚರಾ ಬಟನ್ ಒತ್ತಿದಳು. ಫ್ಯಾನ್ ತಿರುಗಿತು... ಪರದೆ ಬೆಳಗಿತು... ಎಲ್ಲರೂ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲೇ ಆಫ್ ಆಯಿತು.

ತಾನಾಗಿಯೇ ಮತ್ತೆ ಆನ್ ಆಯಿತು... ಮತ್ತೆ ಆಫ್.

ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರ ಮಗಳು ಜೋಡಿಸಿದ್ದು ಕಣ್ಣು ಮಿಟುಕಿಸುತ್ತದೆ ಎಂದು ಗಿರಿಜಕ್ಕ ತಮಾಷೆ ಮಾಡಿದರು.

ಪಂಚಾಕ್ಷರಿಯವರಿಗೆ ತಮ್ಮ ಮುಖಕ್ಕೇ ಹೊಡೆದಂತಾಯಿತು. ಮಗಳು ಕವಚ ಬಿಚ್ಚಿ ನೋಡಲು ಹೋದಾಗ ಎಲ್ಲರೆದುರೇ ಅಂದುಬಿಟ್ಟರು...

"ಮುಟ್ಬೇಡ, ಸಾಕು. ಇದು ನಿನ್ ಕೈಲಿ ಆಗೋ ಕೆಲ್ಸ ಅಲ್ಲ."

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

ಮುಂದಿನ ವಾರ ಅವರೇ ಎಲ್ಲವನ್ನೂ ಬಿಚ್ಚಿ ನೋಡಿದರು. ರ್‍ಯಾಮ್ ತೆಗೆದು ಹಾಕಿದರು, ಒಂದೊಂದೇ ವೈರ್ ಎಳೆದು ನೋಡಿದರು. ಮಗಳು ಮಾಡಿದ್ದರಲ್ಲಿ ಎಲ್ಲಿಯೂ ತಪ್ಪಿರಲಿಲ್ಲ.

ಕೊನೆಗೆ ಕಾಲೇಜಿನ ಲ್ಯಾಬ್‌ನಿಂದ ಬೇರೆ ಪವರ್ ಸಪ್ಲೈ ತಂದು ಹಾಕಿದರು. ಕಂಪ್ಯೂಟರ್ ಆನ್ ಆಯಿತು. ಆಫ್ ಆಗಲೇ ಇಲ್ಲ...

ತಾವು ಅಟ್ಟದಿಂದ ತಂದ ಹಳೇ ಡಬ್ಬಿಗೇ ಶಕ್ತಿ ಸಾಲುತ್ತಿರಲಿಲ್ಲ; ತಪ್ಪು ಯಾರದೆಂದು ಅವರಿಗೆ ತಿಳಿಯಿತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಹೊಸದೊಂದನ್ನು ತಂದು ಕೂರಿಸಿ, ಸುಮ್ಮನೆ ಕವಚ ಮುಚ್ಚಿದರು.

ಟ್ಯೂಷನ್ ಮುಗಿಸಿ ಬಂದ ಮಗಳ ಮುಖ ಅರಳಿತು. ಏನಾಗಿತ್ತು ಎಂದು ಕೇಳಿದಳು.

ಸತ್ಯ ನಾಲಿಗೆಯ ತುದಿಯವರೆಗೂ ಬಂತು... ಆದರೆ ಬಾಯಿಂದ ಬಂದದ್ದು ಬೇರೆ.

"ಒಂದೆರಡು ಕನೆಕ್ಷನ್ ಸರಿ ಇರ್ಲಿಲ್ಲ. ನಾನು ಸರಿ ಮಾಡ್ದೆ."

ಅವಳು ತಲೆ ತಗ್ಗಿಸಿದಳು. "ಸಾರಿ ಅಪ್ಪಾಜಿ" ಅಂದಳು.

ಆ ಒಂದು ಮಾತು ಅವರನ್ನು ಚುಚ್ಚಿತು. ನಾಳೆ ಹೇಳಿದರಾಯಿತು ಅಂದುಕೊಂಡರು... ಆ ನಾಳೆ ಬರಲಿಲ್ಲ. ದಿನ ಕಳೆದಂತೆ ಅದು ಸಣ್ಣ ವಿಷಯ ಅನ್ನಿಸಿತು.

ಸಿಇಟಿ ಹತ್ತಿರ ಬಂತು. ಹಾಲ್ ಟಿಕೆಟ್ ಎಲ್ಲಿ ಎಂದು ಅಪ್ಪ ಕೇಳಿದಾಗ, ಮಗಳು ತಾನು ಅರ್ಜಿಯನ್ನೇ ಹಾಕಿಲ್ಲ, ಬಿ.ಕಾಂ. ಸೇರುತ್ತೇನೆ ಅಂದಳು. ಕೊನೆಯ ದಿನ ಆಗಲೇ ಮುಗಿದಿತ್ತು.

ಅವರು ರೇಗಿದರು. ಅವಳು ಮೆಲ್ಲಗೆ ಹೇಳಿದಳು...

"ಆ ಕಂಪ್ಯೂಟರ್ ಜೋಡ್ಸಿದ್ದನ್ನ ದಿನಾ ಮನಸ್ಸಲ್ಲೇ ಬಿಚ್ಚಿ ನೋಡ್ತೀನಿ ಅಪ್ಪಾಜಿ. ಎಲ್ಲಿ ತಪ್ಪಿದೆ ಅಂತ ಇವತ್ತಿಗೂ ಗೊತ್ತಾಗ್ಲಿಲ್ಲ. ತನ್ ತಪ್ಪೇ ಕಾಣ್ದೋಳು ಎಂಜಿನಿಯರ್ ಆಗಿ ಏನ್ ಮಾಡ್ಲಿ?"

ಪಂಚಾಕ್ಷರಿ ಕುರ್ಚಿ ಎಳೆದುಕೊಂಡು ಅವಳೆದುರು ಕೂತರು...

ಇಲ್ಲದ ತಪ್ಪನ್ನು ಮಗಳು ಇಷ್ಟು ದಿನ ಹುಡುಕುತ್ತಿದ್ದಳು.

ಎಲ್ಲವನ್ನೂ ಹೇಳಿಬಿಟ್ಟರು.

ಇಂಚರಾಳ ಕಣ್ಣಿಂದ ನೀರು ಇಳಿಯುತ್ತಿತ್ತು.

"ಅವತ್ತೇ ಹೇಳಿದ್ರೆ ಇಬ್ರೂ ನಕ್ಕು ಸುಮ್ನಾಗ್ತಿದ್ವಿ ಅಪ್ಪಾಜಿ..."

ಮುಂದಿನ ವರ್ಷ ಸಿಇಟಿ ಬರೆ ಎಂದು ಬೇಡಿಕೊಂಡರು. ಅವಳು ಬೇಡ ಎಂದಳು. ಈಗ ಬಿ.ಕಾಂ. ಓದುತ್ತಿದ್ದಾಳೆ, ಚೆನ್ನಾಗಿಯೇ ಓದುತ್ತಿದ್ದಾಳೆ. ಅಪ್ಪನ ಮೇಲೆ ಮುನಿಸೂ ಇಲ್ಲ. ಆದರೆ ಅವರು ಏನನ್ನಾದರೂ ಬಿಚ್ಚಿಕೊಂಡು ಕೂತರೆ ಈಗ ಪಕ್ಕದಲ್ಲಿ ಯಾರೂ ಬಂದು ಕೂರುವುದಿಲ್ಲ...

ಮನಸ್ಸು ತಡೆಯದೆ ಒಂದು ದಿನ ಅವರು ಅಕ್ಕನ ಮನೆಗೂ ಹೋದರು. ಆ ದಿನ ತಪ್ಪು ಮಾಡಿದ್ದು ಇಂಚರಾ ಅಲ್ಲ, ನಾನು ಎಂದು ಎಲ್ಲರೆದುರು ಹೇಳಿದರು.

ಗಿರಿಜಕ್ಕ ಕಾಫಿ ಲೋಟ ಮುಂದಿಟ್ಟು, "ಅಯ್ಯೋ, ಅದನ್ನ ಯಾರ್ ನೆನಪಿಟ್ಕೊಂಡಿದಾರೆ ಬಿಡೋ" ಅಂದರು.

ನೆನಪಿಟ್ಟುಕೊಂಡವಳು ಒಬ್ಬಳಿದ್ದಳು...

ಪಂಚಾಕ್ಷರಿಯವರು ಕಾಫಿ ಮುಟ್ಟದೆ ಎದ್ದು ಬಂದರು.

ನಮ್ಮ ತಪ್ಪನ್ನು ಮಕ್ಕಳ ಹೆಗಲಿಗೆ ಹೊರಿಸಿದರೆ, ನಾವು ಮರೆತ ಮೇಲೂ ಅವರು ಅದನ್ನು ಹೊತ್ತುಕೊಂಡೇ ನಡೆಯುತ್ತಾರೆ.

"ತಪ್ಪು ನಂದೇ" ಎಂಬ ನಿಮ್ಮ ಒಂದು ಮಾತಿಗಾಗಿ ನಿಮ್ಮ ಮನೆಯಲ್ಲಿ ಯಾರಾದರೂ ಇನ್ನೂ ಕಾಯುತ್ತಿದ್ದಾರಾ?