ಜಗಲಿಗೆ ಜಾಲರಿ

"ಮಂಗಕ್ಕಾ, ಸೊಳ್ಳೆಗಾ?" ಎಂದು ಕೇಳಿದ ಯೋಗರಾಜ್. "ಸೊಳ್ಳೆಗಾದ್ರೆ ಫೈಬರ್ ಜಾಲರಿ ಸಾಕು. ಮಂಗಕ್ಕಾದ್ರೆ ಸ್ಟೀಲೇ ಆಗ್ಬೇಕು. ಫೈಬರ್ನ ಅವು ಹಳೇ ಬಟ್ಟೆ ಹರಿದಂಗೆ ಹರಿದು ಹಾಕ್ತವೆ."

ಸಾಗರ ಪೇಟೆಯ ಅವನ ಅಂಗಡಿಯಲ್ಲಿ ದೀಪ್ತಿ ಬಾಯಿ ತೆರೆಯುವಷ್ಟರಲ್ಲೇ ಪಕ್ಕದಲ್ಲಿದ್ದ ಅವಳ ತಾಯಿ ಮಹಾಲಕ್ಷ್ಮಮ್ಮ "ಮಂಗಕ್ಕೆ" ಎಂದುಬಿಟ್ಟರು. ಬೆಳಿಗ್ಗೆ ಮಗಳು ಹೇಳಿದ್ದು ಅದನ್ನೇ. ಈಚೆಗೆ ಅವರಿಗೆ ತಿಂಡಿ ತಿಂದದ್ದು ನೆನಪಿರುವುದಿಲ್ಲ, ಮಂಗಗಳ ಮೇಲಿನ ಸಿಟ್ಟು ಮಾತ್ರ ಒಂಚೂರೂ ಮುಕ್ಕಾಗಿಲ್ಲ. ಜಗಲಿಯಲ್ಲಿ ಒಣಹಾಕಿದ ಹಲಸಿನ ಹಪ್ಪಳಕ್ಕಾಗಿ ಜೀವಮಾನವಿಡೀ ಮಂಗಗಳೊಂದಿಗೆ ಜಟಾಪಟಿ ಮಾಡಿದ ಹೆಂಗಸು. ಈಗಲೂ ಮಂಗದ ಹೆಸರೆತ್ತಿದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಲ್ಲುತ್ತಾರೆ. ಅದಕ್ಕೇ ದೀಪ್ತಿ ಆ ಸುಳ್ಳನ್ನು ಆರಿಸಿಕೊಂಡಿದ್ದಳು.

ಜಾಲರಿ ಬೇಕಾಗಿದ್ದುದು ಅಮ್ಮನಿಗೇ. ಒಂದು ದಿನ ದೀಪ್ತಿಯ ಗಂಡ ಕೆಲಸಕ್ಕೆ ಹೋಗಿ, ಅವಳು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಅಮ್ಮ ಗೇಟು ದಾಟಿದ್ದರು. ತವರಿಗೆ ಹೊರಟಿದ್ದರಂತೆ. ರೈಲುಹಳಿಯ ಮೇಲೆ ನಡೆಯುತ್ತಿದ್ದವರನ್ನು ಹೂ ಮಾರುವ ಬೆಳ್ಳಮ್ಮ ಕೈ ಹಿಡಿದು ಕರೆತಂದು ಬಿಟ್ಟಿದ್ದಳು. ಆಮೇಲೆ ಕೋಣೆಯಲ್ಲಿ ಕೂಡಿ ಹಾಕಿ ನೋಡಿದ್ದೂ ಆಯಿತು. ಒಳಗಿಂದ ಬಾಗಿಲು ಬಡಿದು ಬಡಿದು ಅಮ್ಮನ ಅಂಗೈ ಬಾತುಕೊಂಡಿತು. ಹೊರಗೆ ನೆಲದ ಮೇಲೆ ಕೂತ ದೀಪ್ತಿ ಸದ್ದು ಕೇಳಬಾರದೆಂದು ಬಾಯಿಗೆ ದುಪಟ್ಟಾ ಒತ್ತಿಕೊಂಡು ಅತ್ತಳು. ಜಗಲಿಯಲ್ಲಾದರೆ ಅಮ್ಮ ರಸ್ತೆ ನೋಡುತ್ತ ಗಂಟೆಗಟ್ಟಲೆ ತಣ್ಣಗೆ ಕೂರುತ್ತಾರೆ. ಜಗಲಿಯನ್ನೇ ಮುಚ್ಚಿಬಿಟ್ಟರೆ ಅಮ್ಮನಿಗೆ ರಸ್ತೆಯೂ ಉಳಿಯುತ್ತದೆ, ತನಗೆ ಅಮ್ಮನೂ ಉಳಿಯುತ್ತಾರೆ. ಆದರೆ ಅದು ಬೋನಿನಂತೆ ಕಾಣಕೂಡದು. ಅಂಥ ಸಾಮಾನು ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಯೋಗರಾಜ್ ಮೊದಲು ಕಬ್ಬಿಣದ ಗ್ರಿಲ್ ತೋರಿಸಿದ. ಸರಳುಗಳನ್ನು ನೋಡಿ ದೀಪ್ತಿ ಮುಖ ತಿರುಗಿಸಿದಳು.

"ಜೈಲಿನ ತರ ಕಾಣ್ತದೆ."

"ಊರೆಲ್ಲ ಇದನ್ನೇ ಹಾಕ್ಸೋದು ಮೇಡಂ. ಯಾರೂ ಹಂಗೆ ಹೇಳಿಲ್ಲ."

"ಮರದ ಚೌಕಟ್ಟು?"

"ಮಳೆಗಾಲ್ದಲ್ಲಿ ಉಬ್ತದೆ, ಬೇಸಿಗೇಲಿ ಗೆದ್ದಲು ಹಿಡೀತದೆ. ಅಲ್ಯೂಮಿನಿಯಂ ಮಾಡ್ಸಿ. ಅದಕ್ಕೆ ಈ ಕಪ್ಪು ಸ್ಟೀಲ್ ಜಾಲರಿ. ಬೆಳ್ಳಿ ಬಣ್ಣದ್ದು ಬೇಡ, ಬಿಸಿಲಿಗೆ ಕಣ್ಣು ಕುಕ್ತದೆ. ಕಪ್ಪಾದ್ರೆ ಒಳಗೆ ಕೂತೋರಿಗೆ ಜಾಲರಿ ಇದೆ ಅನ್ನೋದೇ ಗೊತ್ತಾಗಲ್ಲ."

ಅವನು ಕೊಟ್ಟ ಸ್ಯಾಂಪಲ್ ತುಂಡನ್ನು ಮಹಾಲಕ್ಷ್ಮಮ್ಮ ಮಗಳಿಗಿಂತ ಮೊದಲೇ ಕೈಗೆತ್ತಿಕೊಂಡರು. ಹಪ್ಪಳದ ಹದ ನೋಡುವವರಂತೆ ಬೆರಳಲ್ಲಿ ಒತ್ತಿ ನೋಡಿದರು. ಆಮೇಲೆ ಮುಖದೆದುರು ಹಿಡಿದು ಮಗಳತ್ತ ತಿರುಗಿದರು.

"ಕೂಸೇ, ನೀ ಚಂದ ಮಾಡಿ ಕಾಣ್ತೆ."

"ರಸ್ತೆ ಕಾಣ್ತಾ ಅಮ್ಮ?"

ಅವರು ಬಾಗಿಲ ಕಡೆ ತಿರುಗಿ ಕಣ್ಣು ಕಿರಿದು ಮಾಡಿದರು. "ಕಾಣ್ತು. ಸೊರಬದ ಬಸ್ಸು ಹೋತು."

ದೀಪ್ತಿಗೆ ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು. ಇದೇ ಇರಲಿ ಎಂದಳು. ಅಲ್ಲಿಗೇ ಮುಗಿದಿದ್ದರೆ ಚೆನ್ನಿತ್ತು. ಆದರೆ ಯೋಗರಾಜ್ ಅಚ್ಚುಕಟ್ಟಿನ ವ್ಯಾಪಾರಸ್ಥ, ಅರ್ಧ ಕೇಳಿ ಬಿಡುವ ಜಾತಿಯವನಲ್ಲ.

"ಬಾಗಿಲಿಗೆ ಚಿಲಕ ಒಳಗಲ್ವಾ?"

"ಒಳಗೇ ಇಡಪ್ಪ," ಎಂದರು ಮಹಾಲಕ್ಷ್ಮಮ್ಮ. "ಹೊರಗಿಟ್ರೆ ಮಂಗ ತೆಗೆದು ಒಳಗೆ ಬರ್ತದೆ."

ದೀಪ್ತಿ ಅವರ ಭುಜ ಹಿಡಿದಳು. "ಅಮ್ಮ, ನೀ ಆ ಕುರ್ಚಿ ಮೇಲೆ ಕೂತ್ಗ. ಕಾಲು ನೋವು ಬತ್ತು."

"ನಂಗೆಂತ ಕಾಲು ನೋವಿಲ್ಲೆ."

ಬೇರೆ ದಾರಿ ಕಾಣದೆ ದೀಪ್ತಿ ಕೌಂಟರಿನ ಮೇಲೆ ಬಾಗಿ ಸಣ್ಣ ದನಿಯಲ್ಲಿ "ಹೊರಗೆ ಇಡಿ" ಎಂದಳು.

"ಹೊರಗಾ?" ಯೋಗರಾಜನಿಗೆ ಸಣ್ಣ ದನಿ ಅಭ್ಯಾಸವಿಲ್ಲ. "ಅಮ್ಮ ಹೇಳೋದೇ ಸರಿ ಮೇಡಂ. ಈಗಿನ ಮಂಗ ಚಿಲಕ ತೆಗಿಯೋದೆಲ್ಲ ಕಲ್ತಿದಾವೆ. ಹೊರಗಿಟ್ರೆ ಇಷ್ಟೆಲ್ಲ ಮಾಡ್ಸಿ ಏನ್ ಬಂತು?"

"ಪರವಾಗಿಲ್ಲ. ಹೊರಗೇ ಇರ್ಲಿ."

"ಮತ್ತೆ ಒಳಗಿರೋರು ಆಚೆ ಬರೋದು ಹೆಂಗೆ?"

ಬಾಯಿ ತೆರೆದರೆ ಅಳು ಬರುತ್ತದೆಂದು ದೀಪ್ತಿಗೆ ಗೊತ್ತಿತ್ತು. ಗಾಜಿನ ಕೆಳಗಿದ್ದ ಚಿಲಕಗಳನ್ನು, ಇನ್ನೂ ಆರಿಸುವುದಿದೆ ಎಂಬಂತೆ, ನೋಡುತ್ತ ನಿಂತಳು. ಇಷ್ಟು ದೊಡ್ಡ ದ್ರೋಹವನ್ನು ಇಷ್ಟು ಬೆಳಕಿರುವ ಅಂಗಡಿಯಲ್ಲಿ ನಿಂತು ಮಾಡಬೇಕಾಗಿ ಬಂತಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮಹಾಲಕ್ಷ್ಮಮ್ಮ ಮಗಳನ್ನು ನೋಡಿದರು. ಈಚೆಗೆ ಅವರ ಕಣ್ಣು ಎದುರಿಗಿದ್ದವರನ್ನು ದಾಟಿ ಎಲ್ಲೆಲ್ಲೋ ಹೋಗಿಬಿಡುತ್ತಿತ್ತು. ಈಗ ಅದು ದೀಪ್ತಿಯ ಮುಖದ ಮೇಲೇ ನಿಂತಿತು. ಬೆಲ್ಲ ಕದ್ದು, ತಿಂದಿಲ್ಲ ಎಂದು ಸಾಧಿಸುತ್ತ ನಿಂತ ಪುಟ್ಟ ಹುಡುಗಿಯನ್ನು ಒಂದು ಕಾಲದಲ್ಲಿ ಅವರು ನೋಡುತ್ತಿದ್ದುದು ಹೀಗೇ. ಬೈಯುವುದಕ್ಕೂ ಮೊದಲೇ ಕ್ಷಮಿಸಿಬಿಟ್ಟಿರುತ್ತಿದ್ದ ನೋಟ ಅದು.

ಸ್ಯಾಂಪಲ್ ತುಂಡನ್ನು ಅವರು ಮೆಲ್ಲಗೆ ಕೌಂಟರಿನ ಮೇಲಿಟ್ಟರು. ಮಗಳ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡು ಯೋಗರಾಜನತ್ತ ತಿರುಗಿದರು.

"ಹೊರಗೇ ಇಡಪ್ಪ," ಎಂದರು. "ಮಂಗ ಒಳಗಿರೋದು."