ಎರಡು ಸೈಕಲ್ ಅಂಗಡಿಗಳ ನಡುವೆ

ಅಂಗಡಿಯವರಿಬ್ಬರೂ ಒಳಗೊಳಗೇ ಒಂದಾಗಿದ್ದಾರೆ ಎಂಬುದು ರಿಜೆಕ್ಟ್ ಸಾಹೇಬರಿಗೆ ಆ ದಿನ ಖಾತ್ರಿಯಾಯಿತು.

ಪೇಟೆಯ ಸೈಕಲ್ ಅಂಗಡಿಯವನು ಬೂದು ಬಣ್ಣದ ಹೈಬ್ರಿಡ್ ಸೈಕಲ್ಲಿನ ಬ್ರೇಕ್ ಒತ್ತಿ ತೋರಿಸಿ, "ನಮ್ಮದು ಚೆನ್ನಾಗೇ ಇದೆ ಸಾಹೇಬ್ರೆ. ಆದ್ರೆ ದಿಬ್ಬದ ಮೇಲಿನ ಅಂಗಡೀಲಿ ನೀಲೀದು ಇದೆಯಲ್ಲ, ಅದರ ಬ್ರೇಕು ಇನ್ನೂ ಮೆತ್ತಗಿದೆಯಂತೆ. ಒಂದ್ಸಲ ನೋಡ್ಕೊಂಡು ಬಂದ್ಬಿಡಿ" ಎಂದಿದ್ದ. ಹಿಂದಿನ ದಿನ ದಿಬ್ಬದ ಮೇಲಿನವನು ಸೀಟಿನ ವಿಷಯದಲ್ಲಿ ಇದೇ ರಾಗ ಹಾಡಿದ್ದ. ತನ್ನ ಮಾಲು ಬಿಟ್ಟು ಎದುರಾಳಿಯ ಮಾಲು ಹೊಗಳುವ ವ್ಯಾಪಾರಿ ಎಲ್ಲಾದರೂ ಉಂಟೆ? ಇಬ್ಬರೂ ಸೇರಿ ಬೆಲೆ ಏರುವವರೆಗೆ ತಮ್ಮನ್ನು ಆಟವಾಡಿಸುತ್ತಿದ್ದಾರೆ ಎಂದು ಸಾಹೇಬರು ಲೆಕ್ಕ ಹಾಕಿದರು.

ಸಾಹೇಬರು ಬಲ್ಬ್ ಕಾರ್ಖಾನೆಯಲ್ಲಿ ತಪಾಸಣೆಯ ಮುಖ್ಯಸ್ಥರಾಗಿದ್ದು ನಿವೃತ್ತರಾದವರು. ಚೆನ್ನಾಗಿ ಉರಿಯುತ್ತಿರುವ ಬಲ್ಬನ್ನೂ ಕಣ್ಣು ಕಿರಿದು ಮಾಡಿ ನೋಡಿ 'ರಿಜೆಕ್ಟ್' ಎನ್ನುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಹೆಂಡತಿ ತಂದ ಪರದೆ, ಮಗಳು ಮೆಚ್ಚಿದ ಹುಡುಗ, ಟೀವಿಯ ಹವಾಮಾನ ವರದಿ, ಯಾವುದೂ ಅವರ ಮನೆಯಲ್ಲಿ ಮೊದಲ ಸುತ್ತಿನಲ್ಲೇ ಪಾಸಾದದ್ದಿಲ್ಲ.

ಹೃದಯದ ಡಾಕ್ಟರ ಸಲಹೆಗೂ ಅದೇ ಗತಿಯಾಗಿತ್ತು. "ದಿನಾ ನಡೀರಿ. ಇಲ್ದಿದ್ರೆ ಮುಂದಿನ ಸಲ ನಿಮ್ಮನ್ನ ಹೊತ್ಕೊಂಡು ಬರ್ತಾರೆ" ಎಂದಿದ್ದರು ಡಾಕ್ಟರು.

"ಕೆಲಸವಿಲ್ಲದೆ ಬೀದಿ ಸುತ್ತೋಕೆ ನಾನೇನು ಬೀಡಾಡಿ ದನವಾ? ಬೇಕಿದ್ರೆ ಸೈಕಲ್ ಕೊಂಡು ತುಳೀತೀನಿ."

ಬೀದಿ ಕೊನೆಯ ಅಂಗಡಿಯಿಂದ ಪೇಪರ್ ತರಲೂ ಸ್ಕೂಟರ್ ಹತ್ತುವ ಮನುಷ್ಯ ಅವರು. ಡಾಕ್ಟರು ಹೆಂಡತಿಯ ಮುಖ ನೋಡಿದರು. ಆಕೆಗೆ ಜೀವ ಬಾಯಿಗೆ ಬಂದಿತ್ತು. ಆದರೂ ವಾದಕ್ಕೆ ಇಳಿಯಲಿಲ್ಲ. ಈ ಗಂಡನೊಂದಿಗೆ ವಾದ ಮಾಡಿ ಗೆದ್ದವರಿಲ್ಲ ಎಂಬುದು ಆಕೆಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಾರನೆಯ ಬೆಳಿಗ್ಗೆ ಒಬ್ಬರೇ ಹೊರಗೆ ಹೋದವರು ಮಧ್ಯಾಹ್ನ ಗಂಡನಿಗೊಂದು ಜೊತೆ ಮೆತ್ತನೆಯ ಬೂಟು ಹಿಡಿದು ಬಂದರು.

"ಒಂದು ಜೊತೆ ಬೂಟಿಗೆ ಇಷ್ಟು ಹೊತ್ತಾ?" ಸಾಹೇಬರು ರೇಗಿದರು.

"ಸೈಕಲ್ ನೋಡೋಕೆ ಹೋಗ್ತೀರಲ್ಲ, ಚಪ್ಪಲಿ ಎಳ್ಕೊಂಡು ಹೋದ್ರೆ ಯಾರು ಮರ್ಯಾದೆ ಕೊಡ್ತಾರೆ?"

ಹೀಗೆ ಶುರುವಾಯಿತು ಹೋಲಿಕೆ. ಹೈಬ್ರಿಡ್ ಸೈಕಲ್ಲೆಂದರೆ ರಸ್ತೆಯ ಸೈಕಲ್ಲಿನಷ್ಟು ಸಪೂರವೂ ಅಲ್ಲ, ಗುಡ್ಡ ಹತ್ತುವ ಸೈಕಲ್ಲಿನಷ್ಟು ದಪ್ಪವೂ ಅಲ್ಲ. ಇಬ್ಬರನ್ನೂ ಮೆಚ್ಚಿಸಲು ಹೊರಟ ಸಂಧಾನಕಾರನ ಹಾಗೆ. ಬೂದು, ನೀಲಿ ಎರಡಕ್ಕೂ ಅದೇ ಅಲ್ಯೂಮಿನಿಯಂ ಚೌಕಟ್ಟು, ಅಷ್ಟೇ ಗೇರು, ಅಷ್ಟೇ ಅಗಲದ ಟೈರು. ನೀಲಿಯೂ ಮೋಡ ಕವಿದರೆ ಬೂದು ಬಣ್ಣದ್ದರಂತೆಯೇ ಕಾಣುತ್ತಿತ್ತು. ಸಾಹೇಬರಿಗೆ ಮಾತ್ರ ಅವು ಅಜಗಜಾಂತರ. ಬೆರಳಲ್ಲಿ ಬಡಿದು ಸದ್ದು ಕೇಳುವರು, ಒಂದು ಕಣ್ಣು ಮುಚ್ಚಿ ಹ್ಯಾಂಡಲ್ ನೋಡುವರು, ಅಂಗಡಿಯ ಮುಂದೆ ನಿಧಾನಕ್ಕೆ ಒಂದು ಸುತ್ತು ಹೊಡೆದು ನಿಟ್ಟುಸಿರು ಬಿಡುವರು.

ಊರಲ್ಲಿದ್ದ ಎರಡೇ ಸೈಕಲ್ ಅಂಗಡಿಗಳ ನಡುವೆ ಅರ್ಧ ಊರಿತ್ತು, ಕೊನೆಗೊಂದು ದಿಬ್ಬವಿತ್ತು. ಮೊದಲ ದಿನ ಅವರು ಸ್ಕೂಟರ್ ಹತ್ತಹೊರಟಾಗ ಪೇಟೆಯವನೇ ತಡೆದಿದ್ದ. "ಅಯ್ಯೋ ಸಾಹೇಬ್ರೆ, ಮಧ್ಯೆ ಬೇರೆ ಗಾಡಿ ಹತ್ತಿದ್ರೆ ಕಾಲಿಗಿರೋ ಪೆಡಲ್ಲಿನ ನೆನಪು ಹಾಳಾಗುತ್ತೆ. ತಿಳಿದವರು ನಡ್ಕೊಂಡೇ ಹೋಗ್ತಾರೆ." ವಾರ ಕಳೆಯುವುದರೊಳಗೆ ಸಾಹೇಬರು ಇದನ್ನು ತಮ್ಮದೇ ಸಂಶೋಧನೆಯೆಂಬಂತೆ ಅಕ್ಕಪಕ್ಕದವರಿಗೆ ಉಪದೇಶಿಸತೊಡಗಿದರು.

ತಿಂಗಳುಗಳು ಉರುಳಿದವು. ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಇಸ್ತ್ರಿಯವನು ಎಳೆದೆಳೆದು ಸಡಿಲ ಮಾಡಿದ್ದಾನೆಂದು ಸಾಹೇಬರು ತೀರ್ಪು ಕೊಟ್ಟರು. ಬೂಟಿನ ಅಟ್ಟೆ ಸವೆಯಿತು. ಹೆಂಡತಿ ಅಂಥದ್ದೇ ಇನ್ನೊಂದು ಜೊತೆ ತಂದಿಟ್ಟರು. "ಆತುರ ಮಾಡ್ಬೇಡಿ, ಇನ್ನೊಂದ್ಸಲ ನೋಡಿ ಬನ್ನಿ. ಇದು ಜೀವದ ಪ್ರಶ್ನೆ" ಎನ್ನುತ್ತಿದ್ದರು. ಕಟ್ಟಿಕೊಂಡ ಇಷ್ಟು ವರ್ಷಗಳ ಮೇಲಾದರೂ ಇವಳಿಗೆ ಗುಣಮಟ್ಟದ ಬೆಲೆ ಗೊತ್ತಾಯಿತಲ್ಲ ಎಂದು ಸಾಹೇಬರು ಹಿಗ್ಗಿದರು.

ಅನುಮಾನ ಖಾತ್ರಿಯಾದ ಮಾರನೆಯ ದಿನವೇ ಆಸ್ಪತ್ರೆಯ ಸರದಿ ಬಂತು. ಡಾಕ್ಟರು ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳಿದರು, ಇಸಿಜಿ ನೋಡಿದರು, ಮತ್ತೆ ನೋಡಿದರು.

"ಏನ್ ಮಾಡಿದ್ರಿ?"

"ಏನೂ ಮಾಡಿಲ್ಲ ಡಾಕ್ಟ್ರೆ. ಸೈಕಲ್ಲೇ ಇನ್ನೂ ಕೊಂಡಿಲ್ಲ."

"ಇನ್ನು ಕೊಳ್ಳಬಹುದು" ಎಂದರು ಡಾಕ್ಟರು, ಹೆಂಡತಿಯ ಕಡೆ ನೋಡಿ.

ಆಕೆಯ ಕಣ್ಣು ತುಂಬಿ ಬಂತು. ಆಸ್ಪತ್ರೆಯವರು ಇಷ್ಟು ಘಾಟಿನ ಫಿನಾಯಿಲ್ ಬಳಸಬಾರದು ಎಂದುಕೊಂಡರು ಸಾಹೇಬರು. "ಒಂದು ಫೋನ್ ಮಾಡಿ ಬರ್ತೀನಿ" ಎಂದು ಆಕೆ ಹೊರಗೆ ಹೋದರು. ಸಾಹೇಬರು ಕಾಯಲಿಲ್ಲ. ಇವತ್ತು ಆ ಕಳ್ಳರ ಬಣ್ಣ ಬಯಲು ಮಾಡಿಯೇ ಬಿಡುವುದೆಂದು ನೇರವಾಗಿ ಹೊರಟರು. ಮೊದಮೊದಲು ಮೂರು ಕಡೆ ನಿಂತು ಹತ್ತುತ್ತಿದ್ದ ದಿಬ್ಬವನ್ನು ಸಿಟ್ಟಿನ ಭರದಲ್ಲಿ ಒಂದೇ ಉಸಿರಿಗೆ ಹತ್ತಿದರು.

ನೀಲಿ ಸೈಕಲ್ಲು ಗಾಳಿ ತುಂಬಿಸಿಕೊಂಡು, ಒರೆಸಿಕೊಂಡು, ಬಾಗಿಲಲ್ಲೇ ನಿಂತಿತ್ತು. ಸಾಹೇಬರು ನೋಟಿನ ಕಟ್ಟನ್ನು ಮೇಜಿನ ಮೇಲೆ ಕುಕ್ಕಿದರು.

"ಇದೇ ಬೇಕು, ಈಗಲೇ ಬೇಕು. ಸಬೂಬು ಸಾಕು. ನೀನೂ ಆ ಪೇಟೆಯವನೂ ಒಳಗೊಳಗೇ ಒಂದಾಗಿದ್ದೀರಿ, ಹೌದೋ ಅಲ್ವೋ?"

"ಹೌದು ಸಾಹೇಬ್ರೆ" ಎಂದ ಅಂಗಡಿಯವನು, ಸ್ವಲ್ಪವೂ ಅಳುಕದೆ. "ಆದ್ರೆ ನಾವು ಇಬ್ರಲ್ಲ, ಮೂವರು."

ಅವನು ನೋಟಿನ ಕಟ್ಟನ್ನು ಮೆಲ್ಲಗೆ ಸಾಹೇಬರ ಕಡೆಗೇ ಸರಿಸಿದ. "ನಿಮ್ಮ ಮನೆಯವರು ಆ ಬೂಟು ತಗೊಂಡ ದಿನವೇ ಎರಡೂ ಅಂಗಡಿಗೆ ಬಂದು, ಯಾವುದು ಆರಿಸಿದ್ರೂ ಸರಿ ಅಂತ ಎರಡೂ ಕಡೆ ದುಡ್ಡು ಕಟ್ಟಿ, 'ಡಾಕ್ಟ್ರು ಹೂಂ ಅನ್ನೋ ತನಕ ಮಾತ್ರ ಮಾರಬೇಡಿ, ಬರೀ ನಡೆಸಿ' ಅಂತ ಕೈಮುಗಿದು ಹೋಗಿದ್ರು."