ಹಿಂದಿನ ಸೀಟು

“ಚಂದ ಎಲ್ಲ ಇರ್ಲಿ. ಹಿಂದೆ ಒಂದು ಅಕ್ಕಿ ಮೂಟೆ ಇಟ್ರೆ ದೇವರಮನೆ ಗುಡ್ಡದ ಏರು ಹತ್ತೋದು ಯಾವುದು, ಅದನ್ನ ತೋರಿಸಿ” ಎಂದಳು ಭುವನಾ. ಮೂಡಿಗೆರೆಯ ಶೋರೂಮಿನ ಬಾಗಿಲಲ್ಲಿ ದೊಡ್ಡ ಬೈಕೊಂದರ ಗುಣಗಾನ ಶುರುಮಾಡಿದ್ದ ಅಶ್ವಿನ್ ಮಾತು ನಿಲ್ಲಿಸಿ, ಮೂಲೆಯಲ್ಲಿದ್ದ ಸಣ್ಣ ಕಪ್ಪು ಬೈಕಿನತ್ತ ನಡೆದ.

“ಹಾಗಾದ್ರೆ ಇದೇ ಮೇಡಂ. ಹೊಟ್ಟೆಗೆ ಕಮ್ಮಿ, ಕೆಲಸಕ್ಕೆ ಜಾಸ್ತಿ.”

“ನಮ್ಮನೆಯವ್ರ ತದ್ವಿರುದ್ಧ ಅನ್ನಿ” ಎಂದು ನಕ್ಕು ಅವಳು ಹಿಂದಿರುಗಿ ನೋಡಿದಳು. ಅವಳ ಗಂಡ ರೇಣುಕಪ್ರಸಾದ್ ಇನ್ನೂ ಹೊಸ್ತಿಲಲ್ಲೇ ನಿಂತಿದ್ದ. ಬೈಕು ಯಾರಿಗೋ, ತಾನು ಬರೀ ಜೊತೆಗೆ ಬಂದವನು ಎಂಬಂತಿತ್ತು ಅವನ ಮುಖ.

ಎಂಟು ವರ್ಷದಿಂದ ಅವನು ಬೈಕ್ ಮುಟ್ಟಿರಲಿಲ್ಲ. ಈ ಕಡೆಯ ಗಂಡಸರಿಗೆ ಇಳಿಜಾರು ಕಂಡರೆ ಸಾಕು, ಕೈ ತಾನಾಗಿಯೇ ಕೀಲಿಗೆ ಹೋಗುತ್ತದೆ. ಎಂಜಿನ್ ಆಫ್ ಮಾಡಿ ಸುಮ್ಮನೆ ಉರುಳಿಕೊಂಡು ಇಳಿದರೆ ಪೆಟ್ರೋಲ್ ಉಳಿಯಿತಲ್ಲ! ದೇವರು ಘಟ್ಟ ಕಟ್ಟಿದ್ದೇ ಅದಕ್ಕೆ ಎಂದು ನಂಬಿದವರೂ ಇದ್ದಾರೆ. ಅವನೂ ಹಾಗೆಯೇ ದೇವರಮನೆಯಿಂದ ಇಳಿಯುತ್ತಿದ್ದಾಗ ತಿರುವಿನಲ್ಲಿ ಜೀಪು ಎದುರಾಯಿತು. ಎಂಜಿನ್ನಿನ ಹಿಡಿತವಿಲ್ಲದ ಗಾಡಿ ಬರೀ ಬ್ರೇಕಿಗೆ ನಿಲ್ಲಲಿಲ್ಲ. ಅವನಿಗೆ ಮೈಕೈ ತರಚಿತು, ಹಿಂದೆ ಕೂತಿದ್ದ ಭುವನಾಳ ಎಡಗಾಲು ಮುರಿದು, ಒಳಗೆ ರಾಡ್ ಹಾಕಿಸಬೇಕಾಯಿತು. ಬೈಕ್ ಮಾರಿ, ಬಣಕಲ್‌ನ ತನ್ನ ದಿನಸಿ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತವನು ಆಮೇಲೆ ಬಸ್ಸು ಹೋಗುವಲ್ಲಿಗೆ ಮಾತ್ರ ಹೋದ. ಗುಡ್ಡದ ಮೇಲಿನ ಹೋಮ್‌ಸ್ಟೇಯವರು ಸಾಮಾನು ಕಳಿಸಿ ಎಂದು ಫೋನ್ ಮಾಡಿದರೆ ಆಗುವುದಿಲ್ಲ ಎನ್ನುತ್ತಿದ್ದ. ನಗುವುದನ್ನೂ ಕಮ್ಮಿ ಮಾಡಿದ್ದ. ಕಾಲು ಮುರಿದದ್ದನ್ನು ಸಹಿಸಿಕೊಂಡಿದ್ದ ಭುವನಾಳಿಗೆ ಇದನ್ನು ಮಾತ್ರ ಸಹಿಸಲಾಗಲಿಲ್ಲ.

“ಬೇಡ ಮಾರಾಯ್ತಿ” ಎಂದ ಅವನು, ಅಶ್ವಿನ್‌ಗೆ ಕೇಳಿಸದಂತೆ. “ಎಡವಿದ ಕಾಲೇ ಎಡವೋದು ಅಂತಾರೆ.”

“ಮುರಿದಿದ್ದು ನನ್ನ ಕಾಲು. ನಾನೇ ಹತ್ತುತ್ತೀನಿ ಅಂತಿರುವಾಗ ನಿಮ್ದೆಂತದು? ಕೂತ್ಕೊಳ್ಳಿ ಮೊದಲು.”

ಕೂತ. ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಿದವು. ಅದೊಂದೇ ಅವನಿಗೆ ಧೈರ್ಯ ಕೊಟ್ಟ ಸಂಗತಿ. ಟೆಸ್ಟ್ ರೈಡಿಗೆ ಅವನು ಒಬ್ಬನೇ ಹೋಗಿಬರುತ್ತೇನೆಂದರೂ ಭುವನಾ ಬಿಡಲಿಲ್ಲ. ಹೆಲ್ಮೆಟ್ ಹಾಕಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕಡೆಗೆ ಕಾಲು ಇಳಿಬಿಟ್ಟು ಕೂತು, ಅವನ ಭುಜದ ಮೇಲೆ ಕೈಯಿಟ್ಟಳು. “ಹೂಂ, ಬಿಡಿ” ಎಂದಳು.

ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ರಸ್ತೆ ಕಾಫಿ ತೋಟಗಳ ನಡುವೆ ಇಳಿಯತೊಡಗಿತು. ಅವನ ಬಲಗೈ ತಾನಾಗಿಯೇ ಕೀಲಿಯ ಕಡೆ ಹೊರಟಿತು! ಅರ್ಧ ದಾರಿಯಲ್ಲಿ ಅದನ್ನು ಕಂಡು, ಕೆಂಡ ಮುಟ್ಟಿದವನ ಹಾಗೆ ಹಿಂದಕ್ಕೆಳೆದು ಹ್ಯಾಂಡಲ್ ಹಿಡಿದ. ಹಿಂದಿನ ಸೀಟಿನಲ್ಲಿ ಭುವನಾ ಉಪ್ಪಿನಕಾಯಿಯ ಮಾತಾಡುತ್ತಿದ್ದಳು. “ಧನ್ಯಾ ಅವರ ಹೋಮ್‌ಸ್ಟೇಗೆ ಮಿಡಿ ಉಪ್ಪಿನಕಾಯಿ ಬೇಕಂತೆ. ನಾನೇ ಹಾಕಿ ಕೊಡ್ಲಾ ಅಂತ ಕೇಳಿದ್ದೀನಿ. ನೀವು ಕೊಟ್ಟು ಬಂದ್ರಾಯ್ತು, ಹಾಗೇ ಗುಡ್ಡನೂ ನೋಡಿದ ಹಾಗಾಗ್ತದೆ…”

ತಿರುವಿನಲ್ಲಿ ಮರದ ದಿಮ್ಮಿ ಹೇರಿದ ಲಾರಿ ರಸ್ತೆ ತುಂಬಾ ಎದುರಾಯಿತು. ಅವನು ಗೇರ್ ಇಳಿಸಿದ, ಇನ್ನೊಂದು ಇಳಿಸಿದ. ಎಂಜಿನ್ ಗೊಣಗಿ ಗಾಡಿಯನ್ನು ಹಿಡಿದುಕೊಂಡಿತು. ಅಂಚಿನ ಮಣ್ಣಿಗಿಳಿದು ನಿಂತಾಗ ಲಾರಿ ಗುಡುಗಿಕೊಂಡು ಪಕ್ಕದಲ್ಲೇ ದಾಟಿ ಹೋಯಿತು.

“…ಆದ್ರೆ ಖಾರ ಕಮ್ಮಿ ಹಾಕ್ಬೇಕು, ಬರೋರೆಲ್ಲ ಪೇಟೆಯವ್ರು ನೋಡಿ” ಎಂದು ಭುವನಾ ಮಾತು ಮುಂದುವರಿಸಿದಳು.

ರೇಣುಕಪ್ರಸಾದನಿಗೆ ನಗು ಬಂತು. ಎಂಥ ಹೆಂಗಸು ಇವಳು! ಇಷ್ಟು ವರ್ಷ ತಾನು ಹೆದರಿ ಮುದುಡಿ ಕೂತಿದ್ದರೆ, ಪೆಟ್ಟು ತಿಂದವಳು ಉಪ್ಪಿನಕಾಯಿಯ ಖಾರ ಲೆಕ್ಕ ಹಾಕುತ್ತಿದ್ದಾಳೆ. ಹೆಂಡತಿಯ ಮೇಲೆ ಅವನಿಗೆ ಹಿಂದೆಂದೂ ಇಲ್ಲದಷ್ಟು ಗೌರವ ಹುಟ್ಟಿತು. ಗಾಡಿ ತಿರುಗಿಸಿ ಸಲೀಸಾಗಿ ಏರು ಹತ್ತಿಸಿದ. ಶೋರೂಮಿನ ಮುಂದೆ ಇಳಿದು, ಹೆಲ್ಮೆಟ್ ತೆಗೆದು, “ಇದೇ ಇರ್ಲಿ. ದಿನದ ಓಡಾಟಕ್ಕೆ ಆಗೋದು ಇಂಥದ್ದೇ” ಎಂದು ಅವನೇ ಅಶ್ವಿನ್‌ಗೆ ಹೇಳಿದ.

“ಚಕ್ರಕ್ಕೆ ಸೀರೆ ಸಿಕ್ಕದ ಹಾಗೆ ಗಾರ್ಡ್ ಗಟ್ಟಿಯಾಗಿರೋದು ಹಾಕಿ” ಎಂದಳು ಭುವನಾ.

ಸಂಜೆ ಮನೆಗೆ ಬಂದು ಸ್ನಾನಕ್ಕೆಂದು ಅಂಗಿ ಬಿಚ್ಚಿದಾಗ ಭುಜ ಚುರುಚುರು ಎಂದಿತು. ಬಚ್ಚಲಿನ ಕನ್ನಡಿಗೆ ತಿರುಗಿ ನೋಡಿದ. ನಾಲ್ಕು ಉಗುರುಗಳ ಗುರುತು ಸಾಲಾಗಿ ಮೂಡಿತ್ತು. ಒಂದು ಕಡೆ ಚರ್ಮ ಕಿತ್ತು ರಕ್ತ ಹೆಪ್ಪುಗಟ್ಟಿತ್ತು. ದಾರಿಯಲ್ಲಿ ತನ್ನ ಹೆದರಿಕೆಯಲ್ಲೇ ಮುಳುಗಿದ್ದವನಿಗೆ ಇದು ತಿಳಿದೇ ಇರಲಿಲ್ಲ.

ಅಡುಗೆಮನೆಯಿಂದ ಭುವನಾ ಫೋನಿನಲ್ಲಿ ತನ್ನ ತಾಯಿಗೆ ಹೇಳುತ್ತಿದ್ದುದು ಕೇಳಿಸಿತು. “ನಂಗೆಂತ ಹೆದರಿಕೆ ಅಮ್ಮಾ? ಆರಾಮಾಗಿ ಕೂತಿದ್ದೆ. ನಿಮ್ಮ ಅಳಿಯಂದ್ರೇ ಸ್ವಲ್ಪ ಹೆದರ್ಕೊಂಡಿದ್ರು, ಪಾಪ.”

ಅವನು ಅಂಗಿಯನ್ನು ಮತ್ತೆ ಹಾಕಿಕೊಂಡು, ಕುತ್ತಿಗೆಯವರೆಗೂ ಗುಂಡಿ ಹಾಕಿ, ಹೊರಗೆ ಬಂದ.